ಮಕ್ಕಳು ಎಡವುವ ಜಾಗಕ್ಕೊಂದು ಉಪಕರಣ

ಬ್ಯಾಟರಿಯಿಂದ ಹೊರಟ ವಿದ್ಯುತ್ ಬಲ್ಬಿನೊಳಗೆ ಹೊಕ್ಕು ಅಲ್ಲಿ ಒಂದಿಷ್ಟು ಖರ್ಚಾಗುತ್ತದೆ, ಮಿಕ್ಕದ್ದು ಮಾತ್ರ ಬ್ಯಾಟರಿಗೆ ವಾಪಸಾಗುತ್ತದೆ ಎಂದು ಹೈಸ್ಕೂಲಿನ ಎಷ್ಟೋ ಮಕ್ಕಳು ನಂಬಿರುತ್ತಾರೆ. ಓಮನ ನಿಯಮವನ್ನು ತಪ್ಪಿಲ್ಲದೆ ಬರೆದು, ಅದರ ಮೇಲಿನ ಲೆಕ್ಕವನ್ನೂ ಬಿಡಿಸಿ ಪೂರ್ತಿ ಅಂಕ ತೆಗೆದುಕೊಂಡವರ ತಲೆಯಲ್ಲೂ ಈ ನಂಬಿಕೆ ಅಲುಗಾಡದೆ ಕೂತಿರುತ್ತದೆ. ಅದಕ್ಕೆ ಕಾರಣವೂ ಇದೆ. ಬಲ್ಬ್ ಉರಿಯುತ್ತಿದೆ ಎಂದರೆ ಏನೋ ಒಂದು ಖರ್ಚಾಗುತ್ತಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಖರ್ಚಾಗುವುದು ಶಕ್ತಿ, ಹರಿಯುವ ವಿದ್ಯುತ್ ಪ್ರವಾಹ ಬಲ್ಬಿನ ಈಚೆಗೆ ಎಷ್ಟಿತ್ತೋ ಆಚೆಗೂ ಅಷ್ಟೇ ಇರುತ್ತದೆ. ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಇದನ್ನು ಎಷ್ಟು ಸಲ ಹೇಳಿದರೂ ತಂತಿಯ ಒಳಗೆ ನಡೆಯುವುದು ಕಣ್ಣಿಗೆ ಕಾಣದು. ವಿಜ್ಞಾನದ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಕಠಿಣಾಂಶ ಇದು.

ಇಂಥ ಜಾಗದಲ್ಲಿ ಡಿಜಿಟಲ್ ಉಪಕರಣವೊಂದು ನಿಜವಾಗಿ ಕೈಹಿಡಿಯುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ, 2001ರ ಭೌತವಿಜ್ಞಾನ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯಲ್ಲಿ ಮಂಡಲ ಕಟ್ಟುವ ಒಂದು ಮಾದರಿಯಿದೆ. ಪರದೆಯ ಮೇಲೆ ಬ್ಯಾಟರಿ, ತಂತಿ, ಬಲ್ಬ್, ಸ್ವಿಚ್ಚುಗಳನ್ನು ಎಳೆದು ಜೋಡಿಸಿದರೆ ತಂತಿಯೊಳಗೆ ಎಲೆಕ್ಟ್ರಾನುಗಳು ಸಾಲಾಗಿ ಹರಿಯುವುದು ಕಾಣಿಸುತ್ತದೆ. ಬಲ್ಬಿನ ಎರಡೂ ಬದಿಗೆ ಅಮ್ಮೀಟರ್ ಇಟ್ಟು ನೋಡಿದರೆ ಎರಡರಲ್ಲೂ ಒಂದೇ ಅಳತೆ. ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಇಡೀ ಸಾಲಿನ ಹರಿವೇ ನಿಧಾನವಾಗುತ್ತದೆ, ಎರಡನೆಯ ಬಲ್ಬಿನದು ಮಾತ್ರವಲ್ಲ. ‘ಮೊದಲನೇ ಬಲ್ಬೇ ಹೆಚ್ಚು ಉರಿಯುತ್ತದೆ’ ಎಂದು ಊಹಿಸಿದ್ದ ಮಗು ಅಲ್ಲಿ ತಡೆದು ನಿಲ್ಲುತ್ತದೆ. ಆ ತಡೆಯೇ ಪಾಠದ ಮುಖ್ಯ ಘಳಿಗೆ. ಇದೇ ವಿಶ್ವವಿದ್ಯಾಲಯದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಿಜವಾದ ತಂತಿ–ಬಲ್ಬ್ ಬಳಸಿ ಪ್ರಯೋಗ ಮಾಡಿದವರಿಗಿಂತ ಈ ಮಾದರಿಯಲ್ಲಿ ಕಲಿತ ವಿದ್ಯಾರ್ಥಿಗಳು ಪರಿಕಲ್ಪನೆಯ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದರು; ಆಮೇಲೆ ನಿಜವಾದ ಮಂಡಲ ಕಟ್ಟಿ ವಿವರಿಸುವುದರಲ್ಲೂ ಮುಂದಿದ್ದರು. ಹಾಗೆಂದು ಟಾರ್ಚಿನ ಬಲ್ಬು, ಸೆಲ್ಲು, ತಂತಿಯನ್ನು ಮೂಲೆಗೆ ಹಾಕಬಾರದು. ಬೆರಳಿಗೆ ಬಿಸಿ ತಾಗುವ ಬಲ್ಬು ಮಾದರಿಯಲ್ಲಿಲ್ಲ. ಕೈಯಲ್ಲಿ ಒಮ್ಮೆ, ಪರದೆಯಲ್ಲಿ ಒಮ್ಮೆ, ಮತ್ತೆ ಕೈಯಲ್ಲಿ ಎಂಬ ಕ್ರಮ ನನಗೆ ಸರಿ ಕಾಣುತ್ತದೆ.

ನಮ್ಮ ಶಾಲೆಗಳಲ್ಲಿ ನಡೆಯುವ ಕ್ರಮ ಬಹುಪಾಲು ಇದಕ್ಕೆ ತಿರುಗಾಮುರುಗಾ. ಮೊದಲು ಪ್ರೊಜೆಕ್ಟರ್ ಬರುತ್ತದೆ, ಸ್ಮಾರ್ಟ್ ಟಿವಿ ಬರುತ್ತದೆ, ದಾನಿಗಳ ಹೆಸರಿನ ಫಲಕ ಗೋಡೆಗೇರುತ್ತದೆ. ಇದರಿಂದ ಏನು ಮಾಡೋಣ ಎಂಬ ಪ್ರಶ್ನೆ ಆಮೇಲೆ ಹುಟ್ಟುತ್ತದೆ. ಉಪಕರಣದ ಹುಡುಕಾಟ ಪಾಠದೊಳಗೆ ಮಕ್ಕಳು ಎಡವುವ ಜಾಗದಿಂದಲೇ ಶುರುವಾಗಬೇಕು, ಹುಡುಕುವವರು ಆ ಪಾಠ ಮಾಡುವ ಶಿಕ್ಷಕರೇ ಆಗಿರಬೇಕು. ಈ ಲೇಖನದ ವಾದ ಇಷ್ಟೇ. ಅದು ಯಾಕೆ ಮುಖ್ಯ ಎನ್ನುವುದಕ್ಕೆ ನಮ್ಮದೇ ರಾಜ್ಯದ ಐವತ್ತು ವರ್ಷಗಳ ಅನುಭವವಿದೆ.

1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಟೆಲಿವಿಷನ್ ಪ್ರಯೋಗ ಆರಂಭವಾಯಿತು. ಅಮೆರಿಕದ ಎಟಿಎಸ್–6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಇಸ್ರೊ ಮತ್ತು ಆಕಾಶವಾಣಿ ಕಾರ್ಯಕ್ರಮ ಮುಟ್ಟಿಸಿದವು. ಕರ್ನಾಟಕದಲ್ಲಿ ಅವು ತಲುಪಿದ್ದು ಆಗಿನ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಮನೆಯಲ್ಲಿ ಟಿವಿ ಎಂಬುದನ್ನೇ ಕಾಣದ ಊರುಗಳಲ್ಲಿ, ಜಾಲರಿಯ ದೊಡ್ಡ ಆಂಟೆನಾ ಕಟ್ಟಿದ ಸಾರ್ವಜನಿಕ ಪೆಟ್ಟಿಗೆಯ ಮುಂದೆ ಬೆಳಗ್ಗೆ ಶಾಲೆಯ ಮಕ್ಕಳು ಕೂರುತ್ತಿದ್ದರು. ನಾಲ್ಕು ಭಾಷೆಗಳ ಪಾಲಿಗೆ ಒಂದೂವರೆ ಗಂಟೆ ಹಂಚಿಕೆಯಾಗಿ, ಕನ್ನಡದ ಮಕ್ಕಳಿಗೆ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ ಸಿಗುತ್ತಿತ್ತು. 1976ರ ಜುಲೈ 31ಕ್ಕೆ ಅವಧಿ ಮುಗಿದು ಉಪಗ್ರಹ ಹಿಂದಿರುಗಿತು. ತಾಂತ್ರಿಕವಾಗಿ ಅದು ದೊಡ್ಡ ಸಾಹಸ. ಆದರೆ ಟಿವಿಯ ಪಾಠ ತನ್ನ ಪಾಡಿಗೆ ಸಾಗುತ್ತಿತ್ತು, ತರಗತಿಯ ಪಾಠ ತನ್ನ ಪಾಡಿಗೆ. ಹಿಂದಿನ ಬೆಂಚಿನ ಮಗುವಿಗೆ ಅರ್ಥವಾಗದಿದ್ದರೆ ಅಲ್ಲಿಗೇ ನಿಲ್ಲಿಸಿ ಇನ್ನೊಮ್ಮೆ ತೋರಿಸಲು ಮೇಷ್ಟ್ರಿಗೆ ದಾರಿ ಇರಲಿಲ್ಲ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿದ ‘ಎಜುಸ್ಯಾಟ್’ ಶಿಕ್ಷಣಕ್ಕೆಂದೇ ರೂಪಿಸಿದ ದೇಶದ ಮೊದಲ ಉಪಗ್ರಹ. ಪ್ರಾಥಮಿಕ ಶಾಲೆಗಳಿಗೆ ಅದನ್ನು ಬಳಸುವ ಮೊದಮೊದಲ ಪ್ರಯತ್ನ ನಡೆದದ್ದು ಚಾಮರಾಜನಗರ ಜಿಲ್ಲೆಯಲ್ಲಿ. ಶಾಲೆಯ ಮೇಲೆ ಡಿಶ್, ಕೋಣೆಯಲ್ಲಿ ಟಿವಿ, ನಿಗದಿತ ಹೊತ್ತಿಗೆ ಪಾಠ. 2010ರಲ್ಲಿ ಉಪಗ್ರಹದ ಆಯುಷ್ಯವೂ ಮುಗಿಯಿತು. ಎಜುಸ್ಯಾಟ್‌ಗೂ ಮೊದಲೇ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆ ಬಂದಿತ್ತು. ಅದರಲ್ಲಿ ಕಂಪ್ಯೂಟರೂ ಗುತ್ತಿಗೆಯದು, ಕಲಿಸುವವರೂ ಗುತ್ತಿಗೆಯವರು. ಗಣಿತ, ವಿಜ್ಞಾನ ಕಲಿಸುವ ಶಿಕ್ಷಕರಿಗೂ ಆ ಕೋಣೆಗೂ ನಂಟು ಬೆಳೆಯಲೇ ಇಲ್ಲ. ಗುತ್ತಿಗೆ ಮುಗಿದಾಗ ಕಲಿಸುವವರು ಹೋದರು, ಯುಪಿಎಸ್ ಬ್ಯಾಟರಿ ಸತ್ತಿತು, ಕೋಣೆಗೆ ಬೀಗ ಬಿತ್ತು. ಆ ಬೀಗ ಹಾಕಿದ ಕೋಣೆಗಳನ್ನು ನಾಡಿನ ಯಾವ ತಾಲ್ಲೂಕಿನಲ್ಲಿ ಬೇಕಾದರೂ ನೋಡಬಹುದಿತ್ತು.

ಆಮೇಲೆ ದಿಕ್ಕು ಸ್ವಲ್ಪ ಬದಲಾಯಿತು. ವಿಷಯ ಶಿಕ್ಷಕರ ವೇದಿಕೆ, ಡಿಎಸ್‌ಇಆರ್‌ಟಿಯ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣ, ಡಯಟ್‌ಗಳಲ್ಲಿ ನಡೆದ ‘ಟಾಲ್ಪ್’ ಎಂಬ ತಂತ್ರಜ್ಞಾನ ತರಬೇತಿ ಇವೆಲ್ಲ ಶಿಕ್ಷಕರ ಕೈಗೇ ಮೌಸ್ ಕೊಟ್ಟವು. ಪಾಠಕ್ಕೆ ಬೇಕಾದ್ದನ್ನು ಶಿಕ್ಷಕರೇ ಮಾಡಿಕೊಳ್ಳಬೇಕು, ಮಾಡಿದ್ದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು ಎಂಬ ಆ ಆಲೋಚನೆ ಯಾವ ಉಪಗ್ರಹಕ್ಕಿಂತಲೂ ದೊಡ್ಡದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಾದರೆ ಹುಡುಕುವುದು ಹೇಗೆ? ಪಾಠ ಟಿಪ್ಪಣಿ ಬರೆಯುವ ಹೊತ್ತಿನಲ್ಲೇ, ಈ ಘಟಕದಲ್ಲಿ ಮಕ್ಕಳು ಎಲ್ಲಿ ಸಿಕ್ಕಿಬೀಳುತ್ತಾರೆ ಎಂದು ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಬೇಕು. ‘ದಶಮಾಂಶ’ ಎಂದು ಹುಡುಕಿದರೆ ಸಾವಿರ ವಿಡಿಯೊ ಬಂದು ಬೀಳುತ್ತವೆ. ಅವುಗಳಲ್ಲಿ ಬಹಳಷ್ಟು ಬರೀ ಪುಸ್ತಕ ಓದಿ ಹೇಳುವಂಥವು. ‘0.35 ಮತ್ತು 0.8ರಲ್ಲಿ 0.35 ದೊಡ್ಡದು ಎನ್ನುವ ಮಗುವಿಗೆ ಏನು ತೋರಿಸಲಿ’ ಎಂದು ಕೇಳಿಕೊಂಡರೆ ಬೇಕಾದದ್ದು ತಾನಾಗಿ ಸ್ಪಷ್ಟವಾಗುತ್ತದೆ. ಬೇಕಿರುವುದು ಹಿಗ್ಗಿಸಿ ನೋಡಬಹುದಾದ ಒಂದು ಸಂಖ್ಯಾರೇಖೆ. ಅದಕ್ಕೆ ಜಿಯೊಜೀಬ್ರಾ ಸಾಕು.

ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ತಮ್ಮ ಸ್ನಾತಕೋತ್ತರ ಪದವಿಯ ಕೆಲಸವಾಗಿ ಶುರುಮಾಡಿದ ಜಿಯೊಜೀಬ್ರಾ ಇವತ್ತು ಗಣಿತ ಶಿಕ್ಷಕರಿಗೆ ಸಿಕ್ಕಿರುವ ಅತ್ಯುತ್ತಮ ಉಪಕರಣಗಳಲ್ಲಿ ಒಂದು. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯವನ್ನೇ ತೆಗೆದುಕೊಳ್ಳಿ. ಹಲಗೆಯ ಮೇಲೆ ಒಂದು ಚಿತ್ರ ಬರೆದರೆ ಅದು ಒಂದೇ ಚಿತ್ರ. ಜಿಯೊಜೀಬ್ರಾದಲ್ಲಿ ಆ ಬಿಂದುವನ್ನು ಹಿಡಿದು ಕಂಸದ ಉದ್ದಕ್ಕೂ ಎಳೆಯುತ್ತ ಹೋದರೆ ತ್ರಿಭುಜದ ಆಕಾರ ಬದಲಾಗುತ್ತಲೇ ಇರುತ್ತದೆ, ಕೋನ ಮಾತ್ರ 90ರಲ್ಲೇ ನಿಲ್ಲುತ್ತದೆ. ಬಿಂದುವನ್ನು ವೃತ್ತದ ಒಳಗೆ ತಂದರೆ ಕೋನ ಹಿಗ್ಗುತ್ತದೆ, ಹೊರಗೆ ಒಯ್ದರೆ ಕುಗ್ಗುತ್ತದೆ. ‘ಯಾಕೆ?’ ಎಂದು ಮಕ್ಕಳೇ ಕೇಳುತ್ತಾರೆ. ಅಲ್ಲಿಗೆ ಲ್ಯಾಪ್‌ಟಾಪ್ ಮುಚ್ಚಬೇಕು. ನೂರು ಸಲ ಎಳೆದು ನೋಡಿದರೂ ಅದು ಸಾಧನೆ ಆಗುವುದಿಲ್ಲ. ಕೇಂದ್ರದಿಂದ ಆ ಬಿಂದುವಿಗೆ ಗೆರೆ ಎಳೆದು ಎರಡು ಸಮದ್ವಿಬಾಹು ತ್ರಿಭುಜಗಳನ್ನು ಕಾಣುವ ಕೆಲಸ ನೋಟುಬುಕ್ಕಿನಲ್ಲಿ, ಪೆನ್ಸಿಲಿನಲ್ಲಿ ನಡೆಯಬೇಕಾದದ್ದು. ಉಪಕರಣವನ್ನು ಯಾವಾಗ ಬದಿಗಿಡಬೇಕು ಎಂಬ ತಿಳಿವಳಿಕೆಯನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದನ್ನು ನಾನು ಕಂಡಿಲ್ಲ.

ಸಮಾಜ ವಿಜ್ಞಾನದವರಿಗೆ ಇಸ್ರೊ 2009ರಲ್ಲಿ ತೆರೆದ ‘ಭುವನ್’ ಇದೆ. ನದಿ, ಕೆರೆ, ಕಾಡು, ನೀರಾವರಿ ಎಂದು ಪಾಠ ಮಾಡುವಾಗ ತಮ್ಮದೇ ಊರನ್ನು ಮೇಲಿನಿಂದ ತೋರಿಸಬಹುದು. ಕೆರೆಯ ಕೋಡಿ ಎಲ್ಲಿಗೆ ಹರಿಯುತ್ತದೆ ಎಂದು ಮಕ್ಕಳು ಬೆರಳಿಟ್ಟು ಹೇಳುತ್ತಾರೆ. ಆಕಾಶ ನೋಡಲು ಸ್ಟೆಲೇರಿಯಮ್ ಇದೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಡ. ಊರಿನ ಅಕ್ಷಾಂಶ ಕೊಟ್ಟು ಇವತ್ತು ರಾತ್ರಿ ಎಂಟು ಗಂಟೆಗೆ ಪೂರ್ವದಲ್ಲಿ ಏನು ಹುಟ್ಟುತ್ತದೆ ಎಂದು ಹಗಲಲ್ಲೇ ತೋರಿಸಿ, ರಾತ್ರಿ ಅಂಗಳಕ್ಕೆ ಹೋಗಿ ನೋಡಿ ಬನ್ನಿ ಎನ್ನಬಹುದು. ಅರವಿಂದ ಗುಪ್ತಾ ಅವರ ಕಸದಿಂದ ಆಟಿಕೆ ಮಾಡುವ ಪುಟ್ಟ ವಿಡಿಯೊಗಳು ಕನ್ನಡ ವಿವರಣೆಯೊಂದಿಗೂ ಸಿಗುತ್ತವೆ. ಅವುಗಳ ದೊಡ್ಡ ಗುಣವೆಂದರೆ ನೋಡಿದ ಮೇಲೆ ಮಗು ಫೋನಿನಿಂದ ಎದ್ದು ಕಡ್ಡಿಪೆಟ್ಟಿಗೆ, ಸ್ಟ್ರಾ, ಸೈಕಲ್ ಟ್ಯೂಬು ಹುಡುಕುತ್ತದೆ.

ಓದು ಕಲಿಸುವವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನದಂದೇ, ತೆರೆದ ‘ಸ್ಟೋರಿವೀವರ್’ ಒಂದು ಭಂಡಾರ. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ಚಿತ್ರಕಥೆಗಳು, ಕನ್ನಡದಲ್ಲೂ. ಮುಕ್ತ ಪರವಾನಗಿ ಇರುವುದರಿಂದ ಅವನ್ನು ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಬದಲಿಸಬಹುದು. ಬೀದರಿನ ಮಗುವಿಗೂ ಕುಂದಾಪುರದ ಮಗುವಿಗೂ ಮನೆಯ ಕನ್ನಡ ಒಂದೇ ಅಲ್ಲ. ಕಥೆಯನ್ನು ತಮ್ಮ ಸೀಮೆಯ ಮಾತಿಗೆ ತಿರುಗಿಸಿ ಹೊಸ ಆವೃತ್ತಿ ಮಾಡಲು ಶಿಕ್ಷಕರಿಗೆ ಅಲ್ಲಿ ಅವಕಾಶವಿದೆ. ಲಂಬಾಣಿ, ತುಳು, ಉರ್ದು ಮನೆಮಾತಿನ ಮಕ್ಕಳು ಒಂದನೇ ತರಗತಿಯಲ್ಲಿ ಕೂತಿರುವ ಶಾಲೆಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ‘ನಲಿ-ಕಲಿ’ ಎಂಬ ಕಲಿಕಾ ಪದ್ಧತಿ ಶುರುವಾದಾಗ ಶಿಕ್ಷಕರೇ ಕೂತು ಕಲಿಕಾ ಕಾರ್ಡು ಬರೆದಿದ್ದರು. ಆ ಕೆಲಸದ ಮುಂದುವರಿಕೆ ಎಂದೇ ಇದನ್ನು ನೋಡಬೇಕು.

ಒಂದು ಉಪಕರಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದು ನಮ್ಮ ತರಗತಿಗಳಿಗೆ ಹೇಳಿ ಮಾಡಿಸಿದಂತಿದೆ. ‘ಪ್ಲಿಕರ್ಸ್’ ಎಂಬುದು ಕ್ಯಾಲಿಫೋರ್ನಿಯಾದ ಗಣಿತ ಶಿಕ್ಷಕರೊಬ್ಬರು ತಮ್ಮ ತರಗತಿಗಾಗಿ ಕಂಡುಕೊಂಡ ಉಪಾಯ. ಪ್ರತಿ ಮಗುವಿನ ಕೈಯಲ್ಲಿ ಒಂದು ಕಾಗದದ ಕಾರ್ಡು. ಅದರ ಮೇಲೆ ಕಪ್ಪು–ಬಿಳಿ ಚೌಕದ ಚಿತ್ತಾರ, ನಾಲ್ಕು ಬದಿಗೆ ನಾಲ್ಕು ಅಕ್ಷರ. ಶಿಕ್ಷಕರು ಹಲಗೆಯ ಮೇಲೆ ಪ್ರಶ್ನೆ ಬರೆಯುತ್ತಾರೆ, ಮಕ್ಕಳು ತಮ್ಮ ಉತ್ತರದ ಬದಿ ಮೇಲೆ ಬರುವಂತೆ ಕಾರ್ಡು ಹಿಡಿಯುತ್ತಾರೆ, ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಹಾಯಿಸುತ್ತಾರೆ. ಯಾರು ಏನು ಹೇಳಿದರು ಎಂಬುದು ಕೆಲವೇ ಕ್ಷಣದಲ್ಲಿ ಫೋನಿನಲ್ಲಿ ಬರುತ್ತದೆ. ಪ್ರತಿ ಕಾರ್ಡಿನ ಚಿತ್ತಾರ ಬೇರೆಯಾದ್ದರಿಂದ ಪಕ್ಕದವರನ್ನು ನೋಡಿ ಹಿಡಿಯಲಾಗದು. ಮಕ್ಕಳ ಬಳಿ ಫೋನು ಬೇಡ, ಟ್ಯಾಬ್ ಬೇಡ; ಝೆರಾಕ್ಸ್ ಮಾಡಿಸಿ ರಟ್ಟಿಗೆ ಅಂಟಿಸಿದ ಕಾರ್ಡು ವರ್ಷವಿಡೀ ಬಾಳುತ್ತದೆ.

‘ಅರ್ಥವಾಯಿತಾ?’ ಎಂದರೆ ನಮ್ಮ ಮಕ್ಕಳು ಒಕ್ಕೊರಲಿನಿಂದ ‘ಆಯ್ತು ಸಾರ್’, ‘ಆಯ್ತು ಮಿಸ್’ ಎನ್ನುತ್ತಾರೆ. ಕೈ ಎತ್ತಲು ಹೇಳಿದರೆ ಯಾವಾಗಲೂ ಎತ್ತುವ ನಾಲ್ಕೈದು ಕೈಗಳೇ ಮೇಲೇಳುತ್ತವೆ. 0.35 ಮತ್ತು 0.8ರ ಪ್ರಶ್ನೆಗೆ ಕಾರ್ಡು ಹಿಡಿಸಿ ನೋಡಿದರೆ ಅರ್ಧ ತರಗತಿ ತಪ್ಪು ಬದಿ ಹಿಡಿದಿರುವುದು ಗೊತ್ತಾಗಬಹುದು. ಆಗ ಸರಿ ಉತ್ತರ ಹೇಳಿಬಿಡಬಾರದು. ಪಕ್ಕದವರೊಂದಿಗೆ ವಾದ ಮಾಡಿ ಎಂದು ಎರಡು ನಿಮಿಷ ಬಿಟ್ಟು ಮತ್ತೆ ಕಾರ್ಡು ಹಿಡಿಸಬೇಕು. ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಝೂರ್ 1990ರ ದಶಕದಿಂದ ಕಾಲೇಜು ತರಗತಿಗಳಲ್ಲಿ ಬಳಸುತ್ತ ಬಂದ ವಿಧಾನವಿದು. ಎರಡನೇ ಸಲ ಸರಿ ಉತ್ತರಗಳು ಸಾಮಾನ್ಯವಾಗಿ ಹೆಚ್ಚುತ್ತವೆ, ಯಾಕೆಂದರೆ ಈಗತಾನೇ ಅರ್ಥಮಾಡಿಕೊಂಡ ಮಗುವಿಗೆ ಪಕ್ಕದ ಮಗು ಎಲ್ಲಿ ಎಡವಿದೆ ಎಂಬುದು ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ನೆಪಕ್ಕಷ್ಟೇ ಇಲ್ಲಿ ಫೋನು. ಕಲಿಕೆ ನಡೆದದ್ದು ಆ ಎರಡು ನಿಮಿಷದ ಗದ್ದಲದಲ್ಲಿ.

ಯಾವ ಉಪಕರಣವನ್ನೇ ಆರಿಸಿ, ತರಗತಿಗೆ ಒಯ್ಯುವ ಮೊದಲು ಮನೆಯಲ್ಲಿ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆರೆದು ನೋಡಿ. 2023–24ರ ಯುಡೈಸ್ ಪ್ಲಸ್ ವರದಿಯ ಪ್ರಕಾರ ದೇಶದ ಶಾಲೆಗಳಲ್ಲಿ ಅಂತರ್ಜಾಲ ಇದ್ದದ್ದು ಶೇ 53.9ರಲ್ಲಿ ಮಾತ್ರ, ಇದ್ದಲ್ಲೂ ಮಳೆಗಾಲದ ಮಲೆನಾಡಿನಲ್ಲಿ ಅದನ್ನು ನಂಬಿ ಪಾಠ ಯೋಜನೆ ಮಾಡಲಾಗದು. ಫೆಟ್ ಮಾದರಿಗಳನ್ನು ಒಂದೊಂದೇ ಕಡತವಾಗಿ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು, ಸಾದಾ ಬ್ರೌಸರಿನಲ್ಲಿ ಅವು ತೆರೆಯುತ್ತವೆ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬರುವ ‘ದೀಕ್ಷಾ’ದ ಪಾಠಗಳನ್ನೂ ಮುಂಚೆಯೇ ಫೋನಿಗೆ ಇಳಿಸಿಟ್ಟುಕೊಳ್ಳಬಹುದು. ದೀಕ್ಷಾದಲ್ಲಿ ಎಲ್ಲವೂ ಒಂದೇ ಗುಣಮಟ್ಟದ್ದಲ್ಲ. ಪೂರ್ತಿ ನೋಡದೆ ಮಕ್ಕಳ ಮುಂದೆ ಹಾಕಬಾರದು. ಹತ್ತು ನಿಮಿಷದ ವಿಡಿಯೊದಲ್ಲಿ ನಿಮಗೆ ಬೇಕಿರುವುದು ನಲವತ್ತು ಸೆಕೆಂಡು ಇರಬಹುದು. ಅಷ್ಟನ್ನೇ ತೋರಿಸಿ, ನಿಲ್ಲಿಸಿ, ಮುಂದೇನಾಗುತ್ತದೆ ಎಂದು ಮಕ್ಕಳನ್ನು ಕೇಳಿ.

ಜೊತೆಗೆ, ಉಚಿತ ಎಂದು ಸಿಗುವ ಆ್ಯಪ್ ಬದಲಿಗೆ ಏನು ಕೇಳುತ್ತದೆ ಎಂದು ನೋಡಬೇಕು. ಮಗುವಿನ ಹೆಸರು, ಜನ್ಮದಿನ, ಫೋಟೊ, ಪೋಷಕರ ನಂಬರು ಕೇಳುವ ಆ್ಯಪ್ ನಮಗೆ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿಗೆ ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕು. ಪ್ಲಿಕರ್ಸ್‌ನಲ್ಲಿ ಹೆಸರಿನ ಬದಲು ಹಾಜರಿ ಸಂಖ್ಯೆ ಹಾಕಿದರೂ ಕೆಲಸ ನಡೆಯುತ್ತದೆ. ಜಾಹೀರಾತು ಬರುವ ವಿಡಿಯೊವನ್ನು ತರಗತಿಯ ಪರದೆಯ ಮೇಲೆ ನೇರವಾಗಿ ಓಡಿಸುವುದೂ ಬೇಡ.

ಇನ್ನು ಕನ್ನಡದ ಪ್ರಶ್ನೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದೆ. ಹಾಗಿದ್ದೂ ಶಾಲೆಗಳಲ್ಲಿ ಇಂದಿಗೂ ಎಷ್ಟೋ ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಕೂತಿವೆ. ಅವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅಕ್ಷರಗಳೆಲ್ಲ ಕಲಸಿ ಅರ್ಥವಿಲ್ಲದ ಗುರುತುಗಳಾಗಿ ತೆರೆಯುತ್ತವೆ, ಹುಡುಕಿದರೆ ಸಿಗುವುದಿಲ್ಲ, ದೃಷ್ಟಿ ತೊಂದರೆಯುಳ್ಳ ಮಗುವಿಗೆ ಫೋನು ಅವನ್ನು ಓದಿ ಹೇಳಲಾರದು. ವರ್ಷಗಟ್ಟಲೆ ಶ್ರಮಪಟ್ಟು ಮಾಡಿದ ಹಾಳೆಗಳು ಒಂದು ಶಾಲೆಯ ಒಂದು ಕಂಪ್ಯೂಟರಿನಲ್ಲೇ ಸೆರೆಯಾಗಿರುವುದು ಸಂಕಟದ ವಿಷಯ. ನುಡಿಯ ಕೀಲಿಮಣೆಯಲ್ಲೇ ಯೂನಿಕೋಡ್ ಬರೆಯಲು ಬರುತ್ತದೆ, ಹಳೆಯ ಕಡತ ಬದಲಿಸಲು ಪರಿವರ್ತಕಗಳೂ ಉಂಟು. ಟೈಪ್ ಮಾಡಲು ಬಾರದವರು ಫೋನಿಗೆ ಕನ್ನಡದಲ್ಲಿ ಹೇಳಿ ಬರೆಸಬಹುದು. ಒತ್ತಕ್ಷರ, ವಿಜ್ಞಾನದ ಪದಗಳನ್ನು ಮಾತ್ರ ಕೈಯಿಂದ ತಿದ್ದಿಕೊಳ್ಳಬೇಕು. ಒಂದು ಕ್ಲಸ್ಟರಿನ ಶಿಕ್ಷಕರೆಲ್ಲ ತಮ್ಮ ಹಾಳೆಗಳನ್ನು ಯೂನಿಕೋಡಿಗೆ ತಂದು ಒಂದೆಡೆ ಇಟ್ಟರೆ ಅದು ಸ್ಮಾರ್ಟ್ ಬೋರ್ಡಿಗಿಂತ ಬೆಲೆಬಾಳುತ್ತದೆ.

ಯಂತ್ರ ಕೊಟ್ಟಮಾತ್ರಕ್ಕೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಜಗತ್ತಿನಲ್ಲೆಲ್ಲೂ ಗಟ್ಟಿ ಪುರಾವೆಯಿಲ್ಲ. ಪೆರು ದೇಶ ‘ಒಂದು ಮಗುವಿಗೆ ಒಂದು ಲ್ಯಾಪ್‌ಟಾಪ್’ ಯೋಜನೆಯಡಿ ಹಳ್ಳಿ ಶಾಲೆಗಳಿಗೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಮೌಲ್ಯಮಾಪನದಲ್ಲಿ ಗಣಿತದಲ್ಲಾಗಲೀ ಭಾಷೆಯಲ್ಲಾಗಲೀ ಅದರ ಪರಿಣಾಮ ಕಾಣಲಿಲ್ಲ. ಸ್ವೀಡನ್ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳಿಗೆ ಮತ್ತೆ ಹಣ ತೆಗೆದಿಟ್ಟಿತು. ಅದೇ ವರ್ಷ ಯುನೆಸ್ಕೊದ ಜಾಗತಿಕ ಶಿಕ್ಷಣ ವರದಿಯೂ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ಶಾಲೆಗೆ ಬರುತ್ತಿದೆ ಎಂಬ ಪ್ರಶ್ನೆಯನ್ನೇ ಮುಂದಿಟ್ಟಿತು. ಇನ್ನೊಂದು ಬದಿಗೆ ದೆಹಲಿಯ ಒಂದು ಅಧ್ಯಯನವಿದೆ. ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅದರಲ್ಲಿ, ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಎರಡೂವರೆ ತರಗತಿಯಷ್ಟು ಹಿಂದಿತ್ತು. ‘ಮೈಂಡ್‌ಸ್ಪಾರ್ಕ್’ ತಂತ್ರಾಂಶ ಪ್ರತಿ ಮಗುವಿನ ನಿಜವಾದ ಮಟ್ಟ ಗುರುತಿಸಿ ಅಲ್ಲಿಂದಲೇ ಪ್ರಶ್ನೆ ಕೊಡುತ್ತಿತ್ತು. ಜೊತೆಗೆ ಸಣ್ಣ ಗುಂಪುಗಳಿಗೆ ಪಾಠ ಹೇಳಿಕೊಡುವವರೂ ಇದ್ದರು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ದೊಡ್ಡ ಸುಧಾರಣೆ ಕಂಡಿತು. ಪೆರುವಿನಲ್ಲಿ ಯಂತ್ರ ಮಾತ್ರ ಬಂತು, ದೆಹಲಿಯಲ್ಲಿ ಮಗು ಎಡವಿದ ಜಾಗಕ್ಕೆ ಯಂತ್ರ ಬಂತು. ಆರನೇ ತರಗತಿಯ ಪಠ್ಯವನ್ನೇ ಬಣ್ಣದ ಪರದೆಯಲ್ಲಿ ತೋರಿಸಿದ್ದರೆ ಮೂರೂವರೆ ತರಗತಿಯ ಮಟ್ಟದ ಮಗುವಿಗೆ ಅದು ದಕ್ಕುತ್ತಿರಲಿಲ್ಲ.

ಈಚೆಗೆ ಕೃತಕ ಬುದ್ಧಿಮತ್ತೆಯ ಮಾತು ಬಿಆರ್‌ಸಿ ಸಭೆಗಳಿಗೂ ಬಂದಿದೆ. ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ‘ಶಿಕ್ಷಾ ಕೋಪೈಲಟ್’ ಎಂಬ ಸಾಧನವನ್ನು ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿದವು. ರಾಜ್ಯದ ಪಠ್ಯಕ್ಕೆ ಹೊಂದುವ ಪಾಠ ಯೋಜನೆಯನ್ನು ಅದು ಕ್ಷಣದಲ್ಲಿ ಬರೆದುಕೊಡುತ್ತದೆ. ಒಂದೇ ಪ್ರಶ್ನೆಯನ್ನು ಮೂರು ಮಟ್ಟದಲ್ಲಿ ಬರೆಸಲು, ಮಕ್ಕಳು ಮಾಡುವ ಸಾಮಾನ್ಯ ತಪ್ಪುಗಳ ಪಟ್ಟಿ ಕೇಳಲು ಇಂಥವು ಒಳ್ಳೆಯವು. ಆದರೆ ಇವು ತಪ್ಪನ್ನೂ ಸರಿಯಷ್ಟೇ ಧೈರ್ಯವಾಗಿ ಹೇಳುತ್ತವೆ. ಕನ್ನಡದ ಪಾರಿಭಾಷಿಕ ಪದಗಳಲ್ಲಿ, ಸ್ಥಳೀಯ ಇತಿಹಾಸದಲ್ಲಿ ಪ್ರತಿ ಸಾಲನ್ನೂ ಪುಸ್ತಕದೊಂದಿಗೆ ಹೋಲಿಸದೆ ತರಗತಿಗೆ ಒಯ್ಯುವಂತಿಲ್ಲ.

ಇಷ್ಟೆಲ್ಲ ಹುಡುಕಿ, ನೋಡಿ, ತಿದ್ದಲು ಶಿಕ್ಷಕರಿಗೆ ಸಮಯವೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಇವತ್ತು ಸರ್ಕಾರಿ ಶಾಲೆಯ ಶಿಕ್ಷಕರ ಫೋನು ಬೆಳಗಿನಿಂದ ಮಾಡುವ ಕೆಲಸ ನೋಡಿ: ‘ಸ್ಯಾಟ್ಸ್’ ತಾಣದಲ್ಲಿ ಮಕ್ಕಳ ಮಾಹಿತಿ ತುಂಬುವುದು, ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ ಕಳಿಸುವುದು, ಗುಂಪಿಗೆ ಬಂದ ಸುತ್ತೋಲೆಗೆ ಸಂಜೆಯೊಳಗೆ ಉತ್ತರ ಕೊಡುವುದು, ಕಾರ್ಯಕ್ರಮದ ಫೋಟೊ ಹಾಕುವುದು. ಪಾಠಕ್ಕೆ ಆ ಫೋನಿನ ಸರದಿ ಕೊನೆಗೆ. ಏಕೋಪಾಧ್ಯಾಯ ಶಾಲೆಯಲ್ಲಂತೂ ಒಂದು ಅರ್ಜಿ ತುಂಬುವುದೆಂದರೆ ಐದು ತರಗತಿಗಳು ಸುಮ್ಮನೆ ಕೂರುವುದು. ದತ್ತಾಂಶದ ಕೆಲಸವನ್ನು ಶಿಕ್ಷಕರ ತಲೆಯಿಂದ ಇಳಿಸದೆ ‘ತಂತ್ರಜ್ಞಾನ ಬಳಸಿ’ ಎಂದು ಆದೇಶ ಹೊರಡಿಸುವುದು ಅನ್ಯಾಯ ಎಂದು ಇಲಾಖೆಗೆ ನೇರವಾಗಿ ಹೇಳಬೇಕು.

ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಈಗಾಗಲೇ ಇವೆ. ಅಲ್ಲಿ ಸುತ್ತೋಲೆ ಓದುವ ಹೊತ್ತಿನಲ್ಲಿ ಒಂದು ಗಂಟೆಯನ್ನು ಈ ಹುಡುಕಾಟಕ್ಕೆ ಬಿಟ್ಟುಕೊಡಲು ಬಿಇಒಗಳು, ಸಿಆರ್‌ಪಿಗಳು ಮನಸ್ಸು ಮಾಡಬೇಕು. ಪ್ರತಿಯೊಬ್ಬರೂ ಕಳೆದ ತಿಂಗಳ ಪಾಠದಿಂದ ಒಂದು ಕಠಿಣಾಂಶ ತರಲಿ, ಅದಕ್ಕೆ ತಾವು ಬಳಸಿದ್ದು ಮಾದರಿಯೋ, ಕಾರ್ಡೋ, ಕಡ್ಡಿಪೆಟ್ಟಿಗೆಯೋ ಎಂದು ತೋರಿಸಲಿ. ಬಳಸಿ ಪ್ರಯೋಜನವಾಗದ್ದನ್ನೂ ಹೇಳಲಿ. ಹಾಗೆ ಹೇಳಿದವರಿಗೆ ನೋಟಿಸ್ ಬರುವುದಿಲ್ಲ ಎಂಬ ಭರವಸೆಯನ್ನು ಸಭೆ ನಡೆಸುವವರು ಮೊದಲೇ ಕೊಡಲಿ. ಹೊರಡುವಾಗ ಎಲ್ಲರ ಪೆನ್‌ಡ್ರೈವಿಗೂ ಆ ಕಡತಗಳು ಸೇರಲಿ, ಯೂನಿಕೋಡ್ ಕನ್ನಡದಲ್ಲಿ.